ದಾರಿ ಬಿಡಿಸಿದ ಶೇವಂತಾಬಾಯಿ

ಶೇವಂತಾಬಾಯಿ ಯಾವ ಕಾಗದಕ್ಕೂ ಒಂದೇ ಸಲ ಓದಿಸಿಕೊಂಡು ಸಹಿ ಮಾಡಿದವಳಲ್ಲ. ಪಂಚಾಯಿತಿಯ ಪಿಡಿಓ ಸಾಹೇಬರು ಠರಾವು ಓದಿ ಮುಗಿಸಿ, ಪುಸ್ತಕವನ್ನು ಅವಳ ಮುಂದೆ ಸರಿಸಿ, ಪೆನ್ನಿನ ಟೋಪಿ ತೆಗೆದು ಕೈಗೆ ಕೊಡುತ್ತಿದ್ದರು. ಅವಳು ಪೆನ್ನು ತೆಗೆದುಕೊಂಡು ಟೋಪಿಯನ್ನು ಮತ್ತೆ ಹಾಕಿಬಿಡುತ್ತಿದ್ದಳು.

"ಇನ್ನೊಮ್ಮೆ ಓದ್ರಿ ಸಾಹೇಬ್ರ. ಸಾವಕಾಶ."

ಎರಡನೆಯ ಸಲ ಓದುವಾಗ ಅವಳು ಕಣ್ಣು ಮುಚ್ಚುತ್ತಿದ್ದಳು. ಅವಳ ಬೆರಳುಗಳು ತಂಬಾಕಿನ ಬಣ್ಣಕ್ಕೆ ತಿರುಗಿದ್ದವು. ಅವು ತೊಡೆಯ ಮೇಲೆ ಎಲೆಯಿಲ್ಲದೆ, ದಾರವಿಲ್ಲದೆ ಬೀಡಿ ಸುತ್ತುತ್ತಲೇ ಇರುತ್ತಿದ್ದವು. ಓದುತ್ತ ಓದುತ್ತ ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತಿದ್ದವು. "ಹಾಂ, ಅಲ್ಲಿ ಏನೋ ಐತಿ. ಆ ಸಾಲ ಮತ್ತ ಓದ್ರಿ." ಅಲ್ಲಿ ನಿಜವಾಗಿಯೂ ಏನೋ ಇರುತ್ತಿತ್ತು.

ನಾನು ಅವಳ ಜೊತೆ ಅದೇ ಪಂಚಾಯಿತಿಯಲ್ಲಿ ಮೆಂಬರ್ ಆಗಿದ್ದೆ. ಅದರಲ್ಲಿ ಹೇಳಿಕೊಳ್ಳುವಂಥ ದೊಡ್ಡಸ್ತಿಕೆ ಏನಿಲ್ಲ. ನಿಪ್ಪಾಣಿ ತಾಲೂಕಿನ ನಮ್ಮೂರಲ್ಲಿ ನಮ್ಮದು ಕಬ್ಬಿನ ಹೊಲದ ಮನೆ, ಗೌಡರ ಮನೆ ಅನ್ನುತ್ತಾರೆ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ನನ್ನ ಮೈದುನ ಬಾಳಗೌಡ ನನ್ನ ಹೆಸರು ಬರೆಸಿದ. ಮನೆಯಲ್ಲಿ ಓದು ಬಲ್ಲ ಸೊಸೆಯಂದಿರು ಇಬ್ಬರಿದ್ದರು. ಓದು ಬಲ್ಲವರು ಪ್ರಶ್ನೆ ಕೇಳುತ್ತಾರೆ. ನಾನು ಗಂಡ ಸತ್ತವಳು, ಅಕ್ಷರ ಬಾರದವಳು, ಹೆಬ್ಬೆಟ್ಟು ಒತ್ತು ಅಂದಲ್ಲಿ ಒತ್ತುವವಳು. ಅದಕ್ಕೇ ನನ್ನನ್ನು ಆರಿಸಿದ. ಸಭೆಗೆ ನನ್ನ ಬದಲು ಅವನೇ ಹೋಗಿ ಕೂರುತ್ತಿದ್ದ. ಪುಸ್ತಕ ಮನೆಗೆ ಬರುತ್ತಿತ್ತು. ನಾನು ಹಿಟ್ಟಿನ ಕೈ ತೊಳೆದು ಒತ್ತಿ ಮತ್ತೆ ರೊಟ್ಟಿಗೆ ಕೂರುತ್ತಿದ್ದೆ. ಮೊದಲ ಎರಡೂವರೆ ವರ್ಷ ಹೀಗೇ ಹೋಯಿತು.

ಶೇವಂತಾಬಾಯಿ ಕೆಳಗಿನ ಓಣಿಯವಳು. ಕೆಳಗಿನ ಓಣಿ ಅಂದರೆ ದಲಿತರ ಓಣಿ. ಗಿಡ್ಡ ಆಳು, ಅಗಲ ಹಣೆ, ಕರೀ ಮುಖದಲ್ಲಿ ಎರಡು ಚೂಪು ಕಣ್ಣು. ಚಿಕ್ಕಂದಿನಿಂದ ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ತಂಬಾಕು ಸೋಸಿದವಳು, ಆಮೇಲೆ ಮನೆಯಲ್ಲಿ ಕೂತು ಬೀಡಿ ಕಟ್ಟಿದವಳು. ಅವಳು ಹತ್ತಿರ ಬಂದರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಕೆಮ್ಮು, ಆಮೇಲೆ ಅವಳು. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತಿದ್ದಳು. ಕನ್ನಡ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. "ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ. ಇಷ್ಟ ಬೋರ್ಡ ಬರೋಬರ ಓದಿದ್ರ ಅರ್ಧಾ ಕನ್ನಡ ಬಂತ ನೋಡ್ರಿ. ಉಳಿದ ಅರ್ಧಾ ಪಿಡಿಓ ಸಾಹೇಬ್ರ ಕಡೆ ಐತಿ, ಅವ್ರು ಬಿಡವಲ್ರು" ಎಂದು ನಗುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ, ದಾರಿ. ಊರಿನ ನಕಾಶೆಯಲ್ಲಿ ಕೆಳಗಿನ ಓಣಿಯಿಂದ ಅವರ ಸ್ಮಶಾನಕ್ಕೆ ಒಂದು ಬಂಡಿ ದಾರಿ ಇದೆ. ಅದು ನಮ್ಮ ಹೊಲದ ಅಂಚಿನಲ್ಲಿ ಹಾಯುತ್ತದೆ. ನನ್ನ ಮಾವನ ಕಾಲದಲ್ಲಿ ಬಂಡಿ ದಾರಿ ಕಾಲುದಾರಿಯಾಯಿತು. ಬಾಳಗೌಡನ ಕಾಲದಲ್ಲಿ ಕಾಲುದಾರಿ ಕಬ್ಬಾಯಿತು. ಅಲ್ಲಿಂದ ಆ ಓಣಿಯವರು ಹೆಣವನ್ನು ಹಳ್ಳ ದಾಟಿಸಿ ಒಯ್ಯಬೇಕಾಯಿತು. ಬೇಸಿಗೆಯಲ್ಲಿ ನಡೆಯುತ್ತಿತ್ತು. ಶೇವಂತಾಬಾಯಿಯ ಗಂಡ ಮಾರುತಿ ಸತ್ತದ್ದು ಮಳೆಗಾಲದಲ್ಲಿ. ಹಳ್ಳ ಎದೆಮಟ್ಟ ಹರಿಯುತ್ತಿತ್ತು. ನಡುನೀರಿನಲ್ಲಿ ಹೊತ್ತವನೊಬ್ಬನ ಕಾಲು ಜಾರಿತು, ಚಟ್ಟ ವಾಲಿತು, ಹೆಣ ನೀರಿಗೆ ಬಿತ್ತು. ಹಿಡಿದರು, ಎತ್ತಿದರು, ಒಯ್ದು ಹೂಳಿದರು. ಅವಳು ಇದನ್ನು ಅಳದೆ ಹೇಳುತ್ತಿದ್ದಳು. "ನನ್ನ ಗಂಡನ್ನ ಮಣ್ಣಿಗೆ ಒಯ್ದೀನಿ ಅಂತ ಎಲ್ಲಾರೂ ಅಂತಾರ. ನಾ ಮೊದ್ಲ ನೀರಿಗೆ ಹಾಕೀನಿ, ಆಮ್ಯಾಲ ಮಣ್ಣಿಗೆ. ಎರಡ ಸಲ ಕೊಟ್ಟೀನಿ ಅಂವನ್ನ."

ಎರಡೂವರೆ ವರ್ಷದ ನಂತರ ಅಧ್ಯಕ್ಷ ಸ್ಥಾನ ದಲಿತ ಮಹಿಳೆಗೆ ಮೀಸಲೆಂದು ಬಂತು. ಹದಿಮೂರು ಮೆಂಬರುಗಳಲ್ಲಿ ಆ ಮೀಸಲಿಗೆ ಹೊಂದುವವಳು ಅವಳೊಬ್ಬಳೇ. ಯಾರೂ ಎದುರು ನಿಲ್ಲುವಂತಿರಲಿಲ್ಲ. ಅವಳು ಅಧ್ಯಕ್ಷೆಯಾದಳು. ನಮ್ಮ ಪಡಸಾಲೆಯಲ್ಲಿ ಆ ಸಂಜೆ ಆರೇಳು ಮಂದಿ ಕೂತು ಚಹಾದ ಮೇಲೆ ಚಹಾ ಕುಡಿದರು. ನಾನೇ ಮಾಡಿಕೊಟ್ಟೆ. ಅವರ ಸಂಕಟವೆಲ್ಲ ಕುರ್ಚಿಯದು. ಅಧ್ಯಕ್ಷರ ಕುರ್ಚಿಗೆ ಕೈ ಇದೆ, ಬೆನ್ನಿಗೆ ಮೆತ್ತೆ ಇದೆ, ಮೇಲೊಂದು ಟವೆಲ್ ಇದೆ. ಅದರಲ್ಲಿ ಇವಳು ಕೂತು, ಅದರ ಮುಂದೆ ತಾವು ಕೂರುವುದು ಹೇಗೆ?

ಅವರು ಹೂಡಿದ ಉಪಾಯ ಇದು. ಮೊದಲ ಸಭೆಯ ದಿನ ಬೆಳಿಗ್ಗೆ ಪಂಚಾಯಿತಿಯ ಎಲ್ಲ ಕುರ್ಚಿಗಳೂ ಮಾಯವಾದವು. ರಿಪೇರಿಗೆ ಕಳಿಸಿದ್ದೇವೆ ಎಂದರು. ನೆಲದ ಮೇಲೆ ಗೋಡೆಯಿಂದ ಗೋಡೆಗೆ ಒಂದು ದೊಡ್ಡ ಜಮಖಾನ ಹಾಸಿದರು. ಕೋರಂ ಬೇಕೆಂದು ಆ ದಿನ ನನ್ನನ್ನೂ ಕರೆದೊಯ್ದಿದ್ದರು. ಬಾಳಗೌಡ ಬಾಗಿಲಲ್ಲಿ ನಿಂತು ನಗುತ್ತ ಹೇಳಿದ, "ಬರ್ರಿ ಅಧ್ಯಕ್ಷರ. ಇವತ್ತ ಎಲ್ಲಾರೂ ನೆಲದ ಮ್ಯಾಲ. ದೊಡ್ಡಾವ್ರು ಸಣ್ಣಾವ್ರು ಅನ್ನೂದ ಬ್ಯಾಡ ಅಂತ."

ಶೇವಂತಾಬಾಯಿ ಕೋಣೆಯನ್ನು ಒಮ್ಮೆ ನೋಡಿದಳು. ಚಪ್ಪಲಿ ಬಿಟ್ಟಳು. ಜಮಖಾನದ ಸರಿಯಾದ ನಡುವಿಗೆ ನಡೆದು ಹೋಗಿ, ಸೆರಗು ಸರಿಮಾಡಿಕೊಂಡು, ಕಾಲು ಮಡಚಿ ಕೂತಳು. "ಬೇಷ್ ಆತ್ರಿ ಗೌಡ್ರ. ಬರ್ರಿ, ಕೂಡ್ರಿ ಎಲ್ಲಾರೂ."

ಆಗ ಅವರಿಗೆ ಹೊಳೆಯಿತು. ಕುರ್ಚಿಗಾದರೆ ನಡುವೆ ಗೇಣು ಅಂತರ ಇರುತ್ತದೆ. ಒಂದೇ ಜಮಖಾನ ಅಂದರೆ ಒಂದೇ ಹಾಸು. ಅವಳು ಕೂತ ಹಾಸಿನ ಮೇಲೆ ಇವರು ಕೂರಬೇಕು. ಕುರ್ಚಿ ತೆಗೆಯುವಾಗ ಅಷ್ಟು ಬುದ್ಧಿವಂತರಲ್ಲಿ ಒಬ್ಬರಿಗೂ ಇದು ನೆನಪಾಗಿರಲಿಲ್ಲ. ಗೋಡೆಗುಂಟ ನಿಂತರು. ಒಬ್ಬ ಕಿಟಕಿ ಹಿಡಿದುಕೊಂಡ. ಒಬ್ಬ ಫೋನ್ ಬಂತೆಂದು ಹೊರಗೆ ಹೋದವನು ಬರಲೇ ಇಲ್ಲ. ಪಿಡಿಓ ಸಾಹೇಬರು ಮಾತ್ರ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತರು. ಅವಳು ಅಂದಿನ ವಿಷಯಗಳನ್ನೆಲ್ಲ ಎರಡೆರಡು ಸಲ ಓದಿಸಿದಳು. ಬೇಕಂತಲೇ ಮೂರು ಸಲವೂ ಓದಿಸಿದಳು. ಎರಡು ತಾಸು ಗಂಡಸರು ನಿಂತೇ ಇದ್ದರು. ಅವಳೊಬ್ಬಳು ಕೂತಿದ್ದಳು.

ನಾನೂ ನಿಂತಿದ್ದೆ. ನನಗೆ ಮೊಣಕಾಲು ನೋವು. ಒಂದು ತಾಸಾದ ಮೇಲೆ ತಡೆಯಲಿಲ್ಲ, ಜಮಖಾನದ ಅಂಚಿಗೆ ಕೂತುಬಿಟ್ಟೆ. ಅದನ್ನು ದೊಡ್ಡ ಮನಸ್ಸಿನಿಂದ ಮಾಡಿದೆ ಎಂದು ಯಾರೂ ತಿಳಿಯಬಾರದು. ಕಾಲು ನೋಯುತ್ತಿತ್ತು, ಕೂತೆ. ಅವಳು ನನ್ನ ಕಡೆ ತಿರುಗಿ, "ಗೌಡ್ತ್ಯಾರ, ಗ್ವಾಡಿಗೆ ಬೆನ್ನ ಹಚ್ಚಿ ಕೂಡ್ರಿ, ಆರಾಮ ಆಕ್ಕೈತಿ" ಅಂದಳು. ಅಷ್ಟೇ. ಬಾಳಗೌಡ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ಮುಂದಿನ ಸಭೆಗೆ ಕುರ್ಚಿಗಳೆಲ್ಲ ತಾವಾಗಿಯೇ ರಿಪೇರಿಯಾಗಿ ಬಂದಿದ್ದವು. ಆ ದಿನ ಅವಳು ಕೂರುವ ಮೊದಲು ಒಂದು ಮಾತು ಹೇಳಿದಳು. "ಮೆಂಬರ ಅಲ್ಲದಾವ್ರು ಹೊರಗ ಕಟ್ಟಿಮ್ಯಾಲ ಕೂಡ್ರಬೇಕ್ರಿ."

ಬಾಳಗೌಡ ಅತ್ತಿಗೆಯಾದ ನನ್ನ ಕಡೆ ಕೈ ತೋರಿಸಿ ಅಂದ, "ನಾ ವೈನಿ ಪರವಾಗಿ ಬಂದೀನಿ."

"ವೈನ್ಯಾರಿಗೆ ಬಾಯಿ ಐತ್ರಿ ಗೌಡ್ರ. ಮೊನ್ನಿ ಆಕಳ ಸಲುವಾಗಿ ಅವ್ರು ಬೈಯೂದ ನಮ್ಮ ಓಣೀತನಕ ಕೇಳಿಸ್ತು."

ಎಲ್ಲರೂ ನಕ್ಕರು, ಅವನ ಕಡೆಯವರೂ ನಕ್ಕರು. ಅವನು ಹೊರಗೆ ಹೋದ. ಮೆಂಬರುಗಳ ಗಂಡಂದಿರು, ಮಕ್ಕಳು ನಾಲ್ಕು ಮಂದಿ ಅವನ ಹಿಂದೆ ಹೋದರು. ಆ ದಿನದಿಂದ ನಾವು ಹೆಂಗಸರು ನಮ್ಮ ಕುರ್ಚಿಯಲ್ಲಿ ನಾವೇ ಕೂತೆವು. ಕೂತು ಏನು ಮಾಡಬೇಕೆಂದು ನಮಗೂ ಗೊತ್ತಿರಲಿಲ್ಲ. ಬಿಸ್ಕೀಟು ತಿಂದೆವು.

ದಾರಿಯ ಮಾತು ಬಂದದ್ದು ಮೂರನೆಯ ಸಭೆಯಲ್ಲಿ. ಅವಳು ಹಳೆಯ ಠರಾವು ಪುಸ್ತಕ ತರಿಸಿದಳು. ಹಿಂದಿನ ಅಧ್ಯಕ್ಷರ ಕಾಲದಲ್ಲಿ, ಅವಳಿಗೆ ತಿಳಿಸದೆ ಕರೆದ ಸಭೆಯೊಂದರಲ್ಲಿ ನಾವೇ ಮಾಡಿದ ಒಂದು ಠರಾವು ಅದರಲ್ಲಿತ್ತು. ಆ ದಾರಿ ಯಾರ ಬಳಕೆಯಲ್ಲೂ ಇಲ್ಲ, ಅದು ಹೊಲಕ್ಕೆ ಸೇರಿದರೆ ಪಂಚಾಯಿತಿಯ ತಕರಾರಿಲ್ಲ ಎಂದು ಬರೆದಿತ್ತು. ಪಿಡಿಓ ಸಾಹೇಬರು ಎರಡು ಸಲ ಓದಿದರು. ಅವಳು ಪುಸ್ತಕ ಎತ್ತಿಕೊಂಡು ನನ್ನ ಬಳಿ ಬಂದು ಕೆಳಗಿನ ಮೂಲೆಗೆ ಬೆರಳಿಟ್ಟಳು. ಅಲ್ಲಿ ಒಂದು ನೀಲಿ ಹೆಬ್ಬೆಟ್ಟಿತ್ತು. ನಡುವೆ ಓರೆಯಾಗಿ ಬಿಳಿ ಗೆರೆ. ನನ್ನ ಹೆಬ್ಬೆರಳಿಗೆ ಕುಡುಗೋಲಿನ ಹಳೆಯ ಗಾಯ ಇದೆ. ಗುರುತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇದ ನಿಮ್ದ ಹೌದಲ್ರಿ ಗೌಡ್ತ್ಯಾರ?"

"ಹೌದು. ಏನ ಬರದಾರಂತ ನನಗ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅನ್ನೂದ ನನಗ ಗೊತ್ತೈತಿ. ಅದಕ್ಕ ನಿಮ್ಮ ಕಡೆ ಒತ್ತಿಸ್ಯಾರ."

ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಮೂಡುತ್ತಿತ್ತು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಪಂಚಾಯಿತಿಗೆ ಹೋಗಿ ನೇರವಾಗಿ ಕೇಳಿದೆ, "ನನಗ ಸಹಿ ಮಾಡೂದ ಕಲಸ್ತೀ ಏನ ಬೇ?"

"ಇಲ್ಲಿ ಕಲಸಂಗಿಲ್ರಿ. ನಮ್ಮ ಮನಿಗೆ ಬರ್ರಿ."

"ನಿಮ್ಮ ಓಣಿಗೆ ಬರೂದ?"

"ನಿಮ್ಮ ಹೊಲದ ಕಳೇ ತಗಿಯಾಕ ನಾವು ನಿಮ್ಮ ಕಡೆ ಬಂದೀವಿ. ಅಕ್ಷರ ನಮ್ಮ ಕಡೆ ಐತಿ, ನೀವು ಬರ್ರಿ."

ಹೋದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ, ತಲೆಯ ಮೇಲೆ ಸೆರಗು ಹೊದ್ದು ಹೋದೆ. ಅವಳು ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಪಾಟಿ ಬಳಪ ಕೊಟ್ಟು, ಎರಡು ಬಟ್ಟಲು ಚಹಾ ಮಾಡುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಅವಳು ತನ್ನದನ್ನು ಕುಡಿದು, ಆಮೇಲೆ ನನ್ನದನ್ನೂ ತಾನೇ ಕುಡಿಯುತ್ತಿದ್ದಳು. ಹನ್ನೊಂದನೆಯ ದಿನ ನಾನು ಬಟ್ಟಲು ಎತ್ತಿ ಕುಡಿದೆ. ಅವಳು, "ಗೌಡ್ತಿ ಅನ್ನೂ 'ಗ' ಹಿಂಗಲ್ರಿ, ಹೊಟ್ಟಿ ಐತಿ ಅದಕ್ಕ" ಎಂದು ಪಾಟಿ ಒರೆಸಿದಳು. ಬೀಡಿ ಎಲೆ ಕತ್ತರಿಸುವಾಗ ಹೇಗೆ ಒಂದು ಚೂರೂ ವ್ಯರ್ಥ ಮಾಡುತ್ತಿರಲಿಲ್ಲವೋ ಮಾತಿನಲ್ಲೂ ಹಾಗೇ ಇದ್ದಳು.

ಅವಳ ಮನೆಯಲ್ಲೇ ನಾನು ಅಮೆರಿಕಾದ ಕತೆ ಕೇಳಿದ್ದು. ಪಂಚಾಯಿತಿ ಅಧ್ಯಕ್ಷರಿಗೆಂದು ಬೆಳಗಾವಿಯಲ್ಲಿ ಮೂರು ದಿನದ ತರಬೇತಿ ಇತ್ತು. ಅಲ್ಲಿ ಒಬ್ಬ ಮುದುಕ ಮಾಸ್ತರರು ಒಂದು ತಾಸು ಅಮೆರಿಕಾದ ಕರಿಯರ ಬಗ್ಗೆ ಮಾತಾಡಿದರಂತೆ. ಉಳಿದ ಅಧ್ಯಕ್ಷರು ತೂಕಡಿಸಿದರಂತೆ. ಇವಳು ಅಕ್ಷರ ಅಕ್ಷರ ಹೊತ್ತು ತಂದಿದ್ದಳು. ಓಣಿಯ ಹೆಂಗಸರು ಅಂಗಳದಲ್ಲಿ ಬೀಡಿ ಕಟ್ಟುತ್ತ ಕೂತಿದ್ದರು, ನಾನು ಪಾಟಿ ಹಿಡಿದು ಕೂತಿದ್ದೆ.

"ಅಲ್ಲಿ ಕರೇ ಮಂದೀನ ದನಾ ಮಾರಿದಂಗ ಸಂತ್ಯಾಗ ಮಾರತಿದ್ರಂತ. ಒಂದ ದೊಡ್ಡ ಯುದ್ಧ ಆತು, ಅವ್ರನ್ನ ಬಿಟ್ರು. ಬಿಟ್ಟ ಮ್ಯಾಲ ವೋಟ ಬಂತು. ನಿನ್ನಿ ಮಟಾ ಮಾಲಕನ ಹತ್ತಿ ಬಿಡಿಸಾಂವಾ ಇವತ್ತ ಕಾಯಿದೆ ಮಾಡೂ ಸಭಾದಾಗ ಕುರ್ಚಿ ಮ್ಯಾಲ ಕುಂತ."

ಒಬ್ಬ ಹುಡುಗಿ ಕೇಳಿದಳು, "ಹೆಂಗಸ್ರಿಗೂ ವೋಟ ಬಂತನ ಅತ್ತೀ?"

"ಇಲ್ಲವಾ. ಅಲ್ಲೂ ಹೆಂಗಸ್ರು ರೊಟ್ಟೀನ ಬಡೀತಿದ್ರು."

ನಗು ಎದ್ದಿತು. ನಾನು ಕೇಳಿದೆ, "ಬಿಳೇರು ಏನ ಮಾಡಿದ್ರು?"

"ಮೊದ್ಲ ನಕ್ಕರು. ಆಮ್ಯಾಲ ಮಾರೀಗೆ ಅರಬಿ ಸುತಗೊಂಡ ಬಂದ ಮನೀ ಸುಟ್ರು. ವೋಟ ಹಾಕಾವ್ರನ್ನ ಹೊಡದ್ರು, ಕೊಂದ್ರು. ಕಡೀಕ ಪೆನ್ನ ಹಿಡದ್ರು. ಓದಾಕ ಬಂದ್ರ ವೋಟ, ಇಲ್ಲಾಂದ್ರ ಇಲ್ಲ ಅಂತ ಕಾಯಿದೆ ಮಾಡಿದ್ರು. ಇವ್ರಿಗೆ ಓದಾಕ ಕಲಿಸಿದ್ರ ಶಿಕ್ಷಾ ಅಂತ ಹಿಂದ ಕಾಯಿದೆ ಮಾಡಿದ ಮಂದೀನೂ ಅವರ. ಹೆಂಗೈತಿ ನೋಡ್ರಿ ಗೌಡ್ತ್ಯಾರ, ಬರಿಯೂದ ನಿಂತೈತಿ ನಿಮ್ದು."

"ಎಷ್ಟ ವರ್ಷ ಕುಂತಿದ್ರು ಕುರ್ಚಿ ಮ್ಯಾಲ?"

"ಹತ್ತ ಹನ್ನೆರಡ ವರ್ಷ. ಆಮ್ಯಾಲ ವೋಟ ಖರೇವಂದ್ರೂ ಕೈಯಾಗ ಬರಾಕ ಹತ್ತಿರ ಹತ್ತಿರ ನೂರ ವರ್ಷ ಹಿಡೀತಂತ. ನಾ ಮಾಸ್ತರಿಗೆ ಕೇಳಿದೆ, ಅವ್ರು ಎಲ್ಲಿ ತಪ್ಪಿದ್ರು ಅಂತ. ಮಾಸ್ತರು ಅಂದ್ರು, ಅವ್ರು ತಪ್ಪಲಿಲ್ಲವ್ವಾ, ಕಾವಲಕ್ಕ ಅಂತ ಬಂದಿದ್ದ ಸೈನ್ಯ ಹೊಳ್ಳಿ ಹೋತು. ನೋಡಾವ್ರು ನೋಡೂದ ಬಿಟ್ರು ಅಂತ."

ಶೇವಂತಾಬಾಯಿ ಒಂದು ಎಲೆ ಎತ್ತಿಕೊಂಡು ಕತ್ತರಿ ಹಾಕಿದಳು. "ನನಗ ಎರಡೂವರಿ ವರ್ಷ ಐತಿ. ಅದರಾಗ ದಾರಿ ಆಗಬೇಕು. ಗಟಾರ ಆಮ್ಯಾಲ, ಲೈಟ ಆಮ್ಯಾಲ."

ನಮ್ಮೂರವರೂ ಮೊದಲು ನಕ್ಕಿದ್ದರು. ಅವಳು ದಾರಿಯ ಅಳತೆಗೆ ಅರ್ಜಿ ಹಾಕಿದ ಮೇಲೆ ನಗು ನಿಂತಿತು. ಕೆಳಗಿನ ಓಣಿಯ ಹೆಂಗಸರನ್ನು ಯಾರೂ ಕಳೆ ತೆಗೆಯಲು ಕರೆಯಲಿಲ್ಲ. ಹಿಟ್ಟಿನ ಗಿರಣಿಯ ಪಟ್ಟಾ ಆ ಓಣಿಯವರು ಜೋಳ ತಂದಾಗ ಮಾತ್ರ ಕಡಿದು ಹೋಗುತ್ತಿತ್ತು. ಮೂರನೆಯ ದಿನ ಅವಳು ಓಣಿಯ ಹಳೆಯ ಬೀಸುಕಲ್ಲುಗಳನ್ನು ಹೊರಿಸಿಕೊಂಡು ಬಂದು ಪಂಚಾಯಿತಿಯ ಅಂಗಳದಲ್ಲೇ ಇಡಿಸಿದಳು. ಆರು ಕಲ್ಲು, ಹನ್ನೆರಡು ಹೆಂಗಸರು. ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಸದ್ದು. ತಾಲೂಕಿನಿಂದ ಬಂದ ಒಬ್ಬ ಅಧಿಕಾರಿ ಇದೇನೆಂದು ಕೇಳಿದ. "ಗಿರಣಿ ಪಟ್ಟಾ ಹರದೈತ್ರಿ ಸಾಹೇಬ್ರ. ನಮ್ಮ ಜ್ವಾಳಕ್ಕ ಅಷ್ಟ ಹರೀತೈತಿ" ಅಂದಳು. ಆ ಸಂಜೆಯೇ ಪಟ್ಟಾ ಕೂಡಿಕೊಂಡಿತು.

ಅಧ್ಯಕ್ಷರನ್ನು ಮೊದಲಿನ ಕೆಲವು ತಿಂಗಳು ಇಳಿಸಲು ಕಾಯಿದೆ ಬಿಡುವುದಿಲ್ಲ. ಆ ಗಡುವು ಮುಗಿದ ವಾರವೇ ಬಾಳಗೌಡ ತನ್ನ ಕಡೆಯ ಮೆಂಬರುಗಳಿಂದ ಅವಿಶ್ವಾಸದ ನೋಟೀಸು ಕೊಡಿಸಿದ. ಅವಳು ಇಳಿದರೆ ಆ ಮೀಸಲಿಗೆ ಬೇರೆ ಯಾರೂ ಇರಲಿಲ್ಲ, ಉಪಾಧ್ಯಕ್ಷ ಕಾರಭಾರ ನೋಡುತ್ತಾನೆ. ಉಪಾಧ್ಯಕ್ಷ ಬಾಳಗೌಡನ ಮನುಷ್ಯ. ಅಳತೆಯ ಅರ್ಜಿ ಅಲ್ಲಿಗೆ ಸತ್ತಂತೆ. ಹದಿಮೂರರಲ್ಲಿ ಒಂಬತ್ತು ಕೈ ಏಳಬೇಕಿತ್ತು. ಎಂಟು ಅವನ ಬಳಿ ಇದ್ದವು. ಒಂಬತ್ತನೆಯದು ನನ್ನದು.

ಅವನು ನನಗೆ ಹೇಳಿದ್ದು ಸಭೆಯ ದಿನ ಬೆಳಿಗ್ಗೆ, ಬೂಟು ಹಾಕಿಕೊಳ್ಳುತ್ತ. "ವೈನಿ, ಚಿಕ್ಕೋಡಿಂದ ಸಾಹೇಬ್ರು ಬರ್ತಾರ. ಎಲ್ಲಾರೂ ಕೈ ಎತ್ತಿದಾಗ ಎತ್ತೂದು, ಇಳಿಸಿದಾಗ ಇಳಿಸೂದು. ಅಷ್ಟ ನಿಮ್ಮ ಕೆಲಸ."

"ಎತ್ತದಿದ್ರ?"

ಅವನು ಬೂಟಿನ ದಾರ ಹಿಡಿದು ಹಾಗೇ ತಲೆ ಎತ್ತಿದ. "ಯಾರ ಮನ್ಯಾಗ ಉಣ್ಣಾಕತ್ತೀರಿ ವೈನಿ?"

ನಾನು ಚಪ್ಪಲಿ ಮೆಟ್ಟಿ ಅವನ ಹಿಂದೆ ಹೊರಟೆ. ಅವನು ಅದನ್ನು ಒಪ್ಪಿಗೆ ಎಂದು ತಿಳಿದ. ನನಗೂ ಅದು ಏನೆಂದು ಆಗ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ನನಗೆ ಭಯವೇ ಇತ್ತು. ಮಕ್ಕಳಿಲ್ಲದವಳು, ಮನೆ ಬಿಟ್ಟರೆ ಎಲ್ಲಿಗೆ ಹೋಗಲಿ ಎಂದು.

ಚಿಕ್ಕೋಡಿಯ ಸಾಹೇಬರು ಹಾಜರಿ ಪುಸ್ತಕ ಕೊಟ್ಟರು. ನಾನು ಪೆನ್ನು ಹಿಡಿದು, ನಾಲಿಗೆ ಹಲ್ಲಿನ ನಡುವೆ ಇಟ್ಟುಕೊಂಡು, ನನ್ನ ಹೆಸರು ಬರೆದೆ. ತಂಗೆವ್ವ. ಮೂರು ಅಕ್ಷರಕ್ಕೆ ಅಷ್ಟು ಹೊತ್ತು ಹಿಡಿಯಿತು. ಸಾಹೇಬರು ಪುಸ್ತಕ ನೋಡಿದರು, ನೋಟೀಸು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನೋಟೀಸಿನ ಮೇಲೆ ನಿಮ್ಮ ಹೆಸರಿನ ಮುಂದೆ ಹೆಬ್ಬೆಟ್ಟಿದೆಯಲ್ಲ ಅಮ್ಮಾ?"

ನಾನು ಯಾವ ನೋಟೀಸಿಗೂ ಹೆಬ್ಬೆಟ್ಟು ಒತ್ತಿರಲಿಲ್ಲ. ಯಾವಾಗಲೂ ಒತ್ತುವವಳು, ಕೇಳುವುದೇನು ಎಂದು ಬಾಳಗೌಡ ಯಾರದೋ ಒಂದನ್ನು ಒತ್ತಿಸಿದ್ದ. ನನಗೆ ಸಿಟ್ಟು ಬಂದದ್ದು ಆಗ. ಭಯವನ್ನು ಆ ಸಿಟ್ಟು ನುಂಗಿತು. ನಾನು ಹೆಬ್ಬೆರಳು ಎತ್ತಿ ಸಾಹೇಬರ ಮುಖದ ಮುಂದೆ ಹಿಡಿದೆ.

"ಇಲ್ಲಿ ಕುಡಗೋಲ ಗಾಯ ಐತಿ ನೋಡ್ರಿ. ನಿಮ್ಮ ಕಾಗದದಾಗಿನ ಹೆಬ್ಬೆಟ್ಟಿಗೆ ಐತೇನ? ಅದ ಯಾರದೋ ಗಂಡಸಿಂದ ಇರಬೇಕು, ಜ್ವಾಳದ ಕಣಕಿ ಹಂಗ ದಪ್ಪ ಐತಿ."

ಸಾಹೇಬರು ಏನೋ ಬರೆದುಕೊಂಡರು. ಅದರಿಂದ ಮುಂದೆ ಯಾರಿಗೂ ಏನೂ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಕೈ ಎತ್ತಲು ಹೇಳಿದರು. ಎಂಟು ಕೈ ಎದ್ದವು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಶೇವಂತಾಬಾಯಿ ನನ್ನ ಕಡೆ ನೋಡಲೇ ಇಲ್ಲ. ಅವಳ ಬೆರಳು ತೊಡೆಯ ಮೇಲೆ ಬೀಡಿ ಸುತ್ತುತ್ತಿದ್ದವು.

ಅವಿಶ್ವಾಸ ಬಿದ್ದುಹೋಯಿತು. ಆ ರಾತ್ರಿಯಿಂದ ಮನೆಯಲ್ಲಿ ನನಗೆ ಹಿಂದಿನ ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆಯಾಯಿತು. ಒಬ್ಬಳಿಗೆ ಎಷ್ಟು ರೊಟ್ಟಿ ಬೇಕು. ನಡೆಯಿತು.

ದಾರಿ ಬಿಟ್ಟದ್ದು ಅವಳ ಅವಧಿ ಮುಗಿಯಲು ಎರಡು ತಿಂಗಳಿದ್ದಾಗ. ಅಳತೆಯವರು ಬಂದರು, ಸರಪಳಿ ಎಳೆದರು, ಕಬ್ಬಿನೊಳಗೆ ಕಲ್ಲು ನೆಟ್ಟರು. ಪೊಲೀಸರು ಇಬ್ಬರು ನೆರಳಲ್ಲಿ ನಿಂತಿದ್ದರು. ಕೆಳಗಿನ ಓಣಿಯವರೇ ಆ ಪಟ್ಟಿಯ ಕಬ್ಬು ಕಡಿದರು. ಕಡಿದ ಕಬ್ಬನ್ನು ಅವಳು ಹೊರೆ ಕಟ್ಟಿಸಿ ಬಾಳಗೌಡನ ಬದುವಿಗೆ ಇಡಿಸಿದಳು, ಒಂದು ಗಣಿಕೆಯನ್ನೂ ಯಾರಿಗೂ ತಿನ್ನಗೊಡಲಿಲ್ಲ. "ದಾರಿ ನಮ್ದು. ಕಬ್ಬ ಗೌಡ್ರದು. ನಾಳಿ ಕಳ್ಳರು ಅನ್ನಬಾರದು." ಒಬ್ಬ ತರುಣ ಗೊಣಗಿದ. "ಲೇ, ನಿನಗ ಕಬ್ಬ ಬೇಕಾದ್ರ ನಿಪ್ಪಾಣಿ ಪ್ಯಾಟಿಗೆ ಹೋಗು. ಇಲ್ಲಿ ನಾ ಇಷ್ಟ ವರ್ಷದ ಹೆಣಾ ಹೊರಾಕತ್ತೀನಿ" ಅಂದಳು.

ಅಧ್ಯಕ್ಷಗಿರಿ ಮುಗಿದ ಮರುದಿನದಿಂದ ಅವಳು ಮತ್ತೆ ಬೀಡಿಗೆ ಕೂತಳು. ಕೆಮ್ಮು ಹೆಚ್ಚಿತು. ಮಿರಜಿನ ದವಾಖಾನೆಗೆ ಎರಡು ಸಲ ಹೋಗಿ ಬಂದಳು. ಎದೆಯೊಳಗೆ ತಂಬಾಕಿನ ಧೂಳು ಕೂತಿದೆ ಅಂದರಂತೆ. ಅವಳು ಸಾಯುವುದಕ್ಕೆ ಒಂದು ವಾರ ಮೊದಲು ನಾನು ಹೋಗಿದ್ದೆ. ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಚಹಾ ಬಂತು, ಕುಡಿದೆವು. ಅವಳ ಮುಖ ನೋಡಿ ನನಗೆ ಏನೋ ಒಳ್ಳೆಯ ಮಾತು ಆಡಬೇಕು ಅನಿಸಿತು. ನನಗೆ ಅದು ಬರುವುದಿಲ್ಲ. ಬಂದದ್ದು ಇದು.

"ಅವತ್ತ ನಾ ಕೈ ಎತ್ತಿದ್ರ ನಿನ್ನ ಕುರ್ಚಿ ಹೋಗತಿತ್ತು."

ಅವಳು ಉಸಿರು ಕೂಡಿಸಿಕೊಂಡು ನಕ್ಕಳು. ಆ ನಗು ಕೆಮ್ಮಾಗಿ ಬಹಳ ಹೊತ್ತು ಹಿಡಿಯಿತು. ಆಮೇಲೆ ಅಂದಳು, "ಖರೆ ಐತಿ ಅಕ್ಕಾ. ನೀ ನನ್ನ ಮ್ಯಾಲ ಕೈ ಎತ್ತಲಿಲ್ಲ. ನನ್ನ ಸಲುವಾಗಿ ಯಾವಾಗ ಎತ್ತಿದಿ?"

ಗೌಡ್ತಿ ಎನ್ನುವುದನ್ನು ಬಿಟ್ಟು ಅಕ್ಕಾ ಎಂದದ್ದು ಅದೊಂದೇ ಸಲ, ನೀ ಎಂದದ್ದೂ ಅದೊಂದೇ ಸಲ. ಮಾತಿನಲ್ಲಿ ಕೊಂಕಿರಲಿಲ್ಲ. ಠರಾವಿನ ಸಾಲು ಕೇಳಿದ ಹಾಗೆ ಕೇಳಿದಳು. ಬಟ್ಟಲು ಕೆಳಗಿಟ್ಟು ಎದ್ದು ಬಂದೆ. ಮತ್ತೆ ಅವಳನ್ನು ನೋಡಿದ್ದು ಹೂವಿನೊಳಗೆ. ಆ ದಾರಿಯಲ್ಲೇ ಒಯ್ದರು. ಒಣ ನೆಲ, ಯಾರ ಕಾಲೂ ಜಾರಲಿಲ್ಲ.

ಈಗ ನಮ್ಮ ಪಂಚಾಯಿತಿಗೆ ಬಾಳಗೌಡನ ಸೊಸೆ ಅಧ್ಯಕ್ಷೆ. ಓದು ಬಲ್ಲವಳು, ಕೆಟ್ಟವಳಲ್ಲ. ಸಭೆಯಲ್ಲಿ ಅವಳ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕುತ್ತಾರೆ, ಅದರಲ್ಲಿ ಬಾಳಗೌಡ ಕೂರುತ್ತಾನೆ. ಯಾರೂ ಹೊರಗೆ ಹೋಗು ಅನ್ನುವುದಿಲ್ಲ. ಕಳೆದ ವರ್ಷ ಅವನ ಟ್ರ್ಯಾಕ್ಟರು ದಾರಿಯ ಕಡೆಗೆ ಒಂದು ಸಾಲು ಹೆಚ್ಚು ಉತ್ತಿತು. ಈ ವರ್ಷ ಮತ್ತೊಂದು ಸಾಲು. ನೆಟ್ಟ ಕಲ್ಲುಗಳಲ್ಲಿ ಎರಡು ಕಾಣುವುದಿಲ್ಲ. ಚಟ್ಟ ಹೊತ್ತ ನಾಲ್ವರು ಸರಿಯಾಗಿ ನಡೆಯಲು ಬೇಕಾದಷ್ಟೇ ಅಗಲ ಉಳಿದಿದೆ. ಇನ್ನೊಂದು ಸಾಲು ಹೋದರೆ ಅದೂ ಇಲ್ಲ.

ಮೊನ್ನೆ ಗ್ರಾಮಸಭೆಯಲ್ಲಿ ಯಾರದಾದರೂ ಏನಾದರೂ ಇದೆಯೇ ಎಂದು ಕೇಳಿದರು. ನಾನು ಕೈ ಎತ್ತಿದೆ.

"ಕೆಳಗಿನ ಓಣಿ ದಾರಿ ಎರಡ ಸಾಲ ನಮ್ಮ ಹೊಲದಾಗ ಹೋಗೇತಿ. ಮತ್ತ ಅಳೀಬೇಕು. ಬರಕೋರಿ."

ಬಾಳಗೌಡ ಮೆತ್ತಗೆ ಅಂದ, "ವೈನಿ, ಮನೀ ಮಾತ ಮನ್ಯಾಗ ಆಡೋಣು."

"ಮನ್ಯಾಗ ನನಗ ಒಲೀನ ಬ್ಯಾರೆ ಮಾಡೀದಿ. ಮಾತ ಎಲ್ಲಿ ಆಡ್ಲಿ?"

ಬರೆದುಕೊಂಡರು. ಅಳತೆಯವರು ಬರುತ್ತಾರೆ ಎಂದಿದ್ದಾರೆ, ಇನ್ನೂ ಬಂದಿಲ್ಲ. ಬರುವ ತನಕ ನಾನು ದಿನಾ ಬೆಳಿಗ್ಗೆ ಕೋಲು ಹಿಡಿದು ಆ ದಾರಿಯಲ್ಲಿ ನಡೆದು ಬರುತ್ತೇನೆ. ಹೋಗುವಾಗ ನಮ್ಮ ಕಡೆಯ ಅಂಚಿಗುಂಟ ಹೋಗುತ್ತೇನೆ, ಇನ್ನೊಂದು ಅಂಚಿಗುಂಟ ತಿರುಗಿ ಬರುತ್ತೇನೆ. ದಿನಾ ಕಾಲು ಬಿದ್ದ ನೆಲವನ್ನು ಉಳುವುದಕ್ಕೆ ಟ್ರ್ಯಾಕ್ಟರಿನವನೂ ಹಿಂದೆ ಮುಂದೆ ನೋಡುತ್ತಾನೆ. ದಾರಿಯ ಕೊನೆಗೆ ಅವಳ ಮಣ್ಣಿದೆ. ಅಲ್ಲಿ ನಾನು ಕೈ ಮುಗಿಯುವುದಿಲ್ಲ, ಕೂರುವುದೂ ಇಲ್ಲ. ಕೋಲಿನಿಂದ ದಾರಿಯ ಅಗಲ ಅಳೆದು ನೋಡಿ ಮನೆಗೆ ಬರುತ್ತೇನೆ. ಇವತ್ತು ಬೆಳಿಗ್ಗೆ ನಿನ್ನೆಯಷ್ಟೇ ಇತ್ತು.